ನಿಂತಲ್ಲೇ ಜ್ಞಾನ ತಪ್ಪಿ ಬೀಳೋರಿಗೆ ಟಿಲ್ಟ್ ಟೇಬಲ್ ಟೆಸ್ಟ್: ಹೃದ್ರೋಗ ವೈದ್ಯೆಯ ಜೊತೆ ಪ್ರಶ್ನೋತ್ತರ

ತಿಪಟೂರಿನ ಒಬ್ಬ ತಂದೆ: ನಮಸ್ಕಾರ ಮೇಡಂ. ಮಗಳಿಗೆ 19 ವರ್ಷ, ಬಿಎಸ್ಸಿ ಓದ್ತಿದಾಳೆ. ಎರಡು ವರ್ಷದಿಂದ ಆಗಾಗ ಜ್ಞಾನ ತಪ್ಪಿ ಬೀಳ್ತಾಳೆ. ಹೋದ ತಿಂಗಳು ದೇವಸ್ಥಾನದ ಕ್ಯೂನಲ್ಲಿ ಬಿದ್ದು ಗಲ್ಲಕ್ಕೆ ಹೊಲಿಗೆ ಹಾಕಿಸಬೇಕಾಯ್ತು. ಕೈಕಾಲು ಒಂದೆರಡು ಸಲ ಅದುರಿದವು ಅಂತ ಜನ ಫಿಟ್ಸೇ ಇರಬೇಕು ಅಂದು ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು. ತಲೆ ಸ್ಕ್ಯಾನ್, ಮಿದುಳಿನ ವಿದ್ಯುತ್ ನೋಡೋ ಇಇಜಿ ಎರಡೂ ನಾರ್ಮಲ್. ಈಗ ಟಿಲ್ಟ್ ಟೇಬಲ್ ಟೆಸ್ಟ್ ಬರೆದುಕೊಟ್ಟಿದ್ದಾರೆ. ಮಂಚಕ್ಕೆ ಕಟ್ಟಿ ನಿಲ್ಲಿಸಿ ಬೇಕಂತಲೇ ಬೀಳಿಸ್ತಾರಂತೆ. ಅವರಮ್ಮ ಬೇಡವೇ ಬೇಡ ಅಂತಿದಾಳೆ. ಮಾಡಿಸಲೇಬೇಕಾ?

ವೈದ್ಯೆ: ಬೇಕಂತಲೇ ಅನ್ನೋದು ನಿಜ ಸರ್, ಬೀಳಿಸೋದು ಸುಳ್ಳು. ಎದೆಗೂ ಮಂಡಿಗೂ ಬೆಲ್ಟ್ ಇರುತ್ತೆ, ಪಾದಕ್ಕೆ ಹಲಗೆ ಇರುತ್ತೆ. ಮಗಳು ದೇವಸ್ಥಾನದಲ್ಲಿ ಬಿದ್ದ ಗಳಿಗೆಯಲ್ಲಿ ಬಿಪಿ ಎಷ್ಟಿತ್ತು, ನಾಡಿ ಎಷ್ಟಿತ್ತು ಅಂತ ಯಾರೂ ನೋಡಿಲ್ಲ. ಆಸ್ಪತ್ರೆಗೆ ಬರೋ ಹೊತ್ತಿಗೆ ಎಲ್ಲ ಸರಿಹೋಗಿರುತ್ತೆ. ಅದೇ ಮತ್ತೊಮ್ಮೆ ನಮ್ಮ ಕಣ್ಣೆದುರು, ಇಸಿಜಿ ಓಡ್ತಿರುವಾಗ ಆಗಲಿ ಅಂತಲೇ ಈ ಟೆಸ್ಟ್. ಕಾರಣ ಗೊತ್ತಾಗದೆ ಬೀಳೋರಿಗೆ ಇದು ಉಪಯೋಗ ಅಂತ ಲಂಡನ್ನಿನ ವೈದ್ಯರು ತೋರಿಸಿದ್ದು 1986ರಲ್ಲಿ.

ನಾವು ಎದ್ದು ನಿಂತರೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತೆ. ರಕ್ತನಾಳ ಬಿಗಿಯಾಗಿ, ನಾಡಿ ಸ್ವಲ್ಪ ಜೋರಾಗಿ ಅದನ್ನ ಸರಿದೂಗಿಸುತ್ತೆ. ಕೆಲವರಲ್ಲಿ ತುಸು ಹೊತ್ತಾದ ಮೇಲೆ ಇದು ಉಲ್ಟಾ ಹೊಡೆಯುತ್ತೆ. ನಾಳ ಸಡಿಲ, ನಾಡಿ ನಿಧಾನ, ಬಿಪಿ ಪಾತಾಳಕ್ಕೆ. ಮಿದುಳಿಗೆ ರಕ್ತ ಸಾಲದೆ ಮನುಷ್ಯ ಕುಸೀತಾನೆ. ಚೀಟಿಯಲ್ಲಿ ವೇಸೋವೇಗಲ್ ಸಿಂಕೋಪ್ ಅಂತ ಬರೆಯೋದು ಇದನ್ನೇ. ಇದರಲ್ಲೂ ಕೈಕಾಲು ಕೆಲವು ಸೆಕೆಂಡ್ ಅದುರಬಹುದು, ಫಿಟ್ಸೇ ಆಗಬೇಕಿಲ್ಲ. ಎದ್ದ ಕೂಡಲೇ ಮನೆಯವರ ಗುರುತು ಹಿಡಿದರೆ ಫಿಟ್ಸ್ ಅನುಮಾನ ಕಡಿಮೆ. ನಾಲಿಗೆಯ ಪಕ್ಕ ಕಚ್ಚಿಕೊಂಡು, ಬಹಳ ಹೊತ್ತು ಮಂಕಾಗಿದ್ದರೆ ಹೆಚ್ಚು. ಕೈಗೆ ಕಬ್ಬಿಣ ಕೊಡೋದು, ಈರುಳ್ಳಿ ಮೂಸಿಸೋದು ಎರಡರಿಂದಲೂ ಏನೂ ಆಗಲ್ಲ. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡೀರಿ, ಎತ್ತಿ ಕೂರಿಸಬೇಡಿ.

ಟೆಸ್ಟಿನ ದಿನ ಎರಡರಿಂದ ನಾಲ್ಕು ಗಂಟೆ ಹೊಟ್ಟೆ ಖಾಲಿ ಇದ್ದರೆ ಸಾಕು. ಹಿಂದಿನ ರಾತ್ರಿಯಿಂದ ನೀರೂ ಕುಡಿಸದೆ ಕರ್ಕೊಂಡು ಬರೋರಿದ್ದಾರೆ. ಹಾಗೆ ಒಣಗಿಸಿದರೆ ಯಾರು ಬೇಕಾದರೂ ಬೀಳ್ತಾರೆ! ಸೀರೆಗಿಂತ ಚೂಡಿದಾರ್ ಅನುಕೂಲ, ಎದೆಗೆ ಸ್ಟಿಕ್ಕರ್ ಅಂಟಿಸಬೇಕು. ಮಂದ ಬೆಳಕಿನ ಕೋಣೆಯಲ್ಲಿ ಐದು ನಿಮಿಷವಾದರೂ ಮಲಗಿಸ್ತೀವಿ, ಕೈಗೆ ಸೂಜಿ ಹಾಕಿದ್ದರೆ ಇಪ್ಪತ್ತು ನಿಮಿಷ, ಆ ನೋವಿನ ಗಾಬರಿ ಇಳಿಯಲಿ ಅಂತ. ಆಮೇಲೆ ಟೇಬಲ್ಲನ್ನ 60ರಿಂದ 70 ಡಿಗ್ರಿ ಎತ್ತುತ್ತೀವಿ. ಕಾಲು ಅಲ್ಲಾಡಿಸಬೇಡಿ ಅಂತ ಹೇಳ್ತಾನೇ ಇರ್ತೀವಿ, ಯಾಕಂದರೆ ಮೀನಖಂಡ ಬಿಗಿಯಾದರೆ ರಕ್ತ ಮೇಲಕ್ಕೆ ಹೋಗಿ ಟೆಸ್ಟ್ ಕೆಡುತ್ತೆ. ಇಪ್ಪತ್ತು ನಿಮಿಷದಲ್ಲಿ ಏನೂ ಆಗಲಿಲ್ಲ ಅಂದರೆ ಸಾಮಾನ್ಯವಾಗಿ ನಾಲಿಗೆ ಕೆಳಗೆ ರಕ್ತನಾಳ ಸಡಿಲಿಸೋ ನೈಟ್ರೋಗ್ಲಿಸರಿನ್ ಔಷಧಿ ಕೊಟ್ಟು ಇನ್ನೊಂದು ಹದಿನೈದು, ಇಪ್ಪತ್ತು ನಿಮಿಷ ನೋಡ್ತೀವಿ.

ಮೊದಲು ಆಕಳಿಕೆ ಬರುತ್ತೆ, ಮೇಲ್ತುಟಿ ಮೇಲೆ ಬೆವರು ಕೂರುತ್ತೆ, ಮುಖ ಬಿಳಿಚಿಕೊಳ್ಳುತ್ತೆ. ಆಗ ಅವಳನ್ನ ಒಂದು ಮಾತು ಕೇಳಬೇಕು: "ದೇವಸ್ಥಾನದಲ್ಲೂ ಹೀಗೇ ಆಗಿತ್ತಾ?" ಯಂತ್ರದ ಗೆರೆಗಿಂತ ನನಗೆ ಆ ಉತ್ತರ ಮುಖ್ಯ. ಜ್ಞಾನ ತಪ್ಪಿದ ತಕ್ಷಣ ಟೇಬಲ್ ಮಲಗಿಸಿದರೆ ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಕಣ್ಣು ಬಿಡ್ತಾಳೆ. ಆಮೇಲೆ ಸುಸ್ತು, ತಲೆನೋವು ಇರಬಹುದು. ಜೊತೆಗೆ ಒಬ್ಬರು ಇರಿ, ಸ್ಕೂಟಿ ಓಡಿಸಲು ಬಿಡಬೇಡಿ.

ಮಾಡಿಸಲೇಬೇಕಾ ಅನ್ನೋದಕ್ಕೆ ಈಗಲೇ ಹೂಂ ಅನ್ನಲ್ಲ. ಬಿದ್ದ ಕಥೆ ಸರಿಯಾಗಿ ಕೇಳಿದರೆ, ಒಂದು ಇಸಿಜಿ ನೋಡಿದರೆ ಎಷ್ಟೋ ಮಕ್ಕಳಿಗೆ ಇದು ಬೇಕಾಗೋದೇ ಇಲ್ಲ. ಕೂತಾಗ, ಮಲಗಿದ್ದಾಗ, ಓಡುವಾಗ ಯಾವತ್ತಾದರೂ ಬಿದ್ದಿದ್ದಾಳಾ? ಬೀಳೋ ಮುಂಚೆ ಎದೆ ಡವಡವ ಅಂದಿತ್ತಾ? ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಯಾರಾದರೂ ದಿಢೀರನೆ ತೀರಿಕೊಂಡಿದ್ದಾರಾ? ಮನೆಯಲ್ಲಿ ಕೇಳಿ ಬರೀರಿ.

ಹುಬ್ಬಳ್ಳಿಯ ಒಬ್ಬರು: ಡಾಕ್ಟ್ರ, ನಮ್ಮ ತಮ್ಮಗ 28 ವರ್ಷರಿ. ಈ ಟೆಸ್ಟ್ ಮಾಡಿದಾಗ ಎದಿ ಬಡಿತ 8 ಸೆಕೆಂಡ್ ನಿಂತಿತ್ತಂತ ರಿಪೋರ್ಟಿನ್ಯಾಗ ಬರದಾರ. ಮನ್ಯಾಗ ಎಲ್ಲಾರೂ ಹೆದರ್‍ಯಾರ. ಪೇಸ್‌ಮೇಕರ್ ಹಾಕಸ್ಬೇಕೇನ್ರಿ?

ವೈದ್ಯೆ: ಓದೋಕೆ ಭಯ ಆಗುತ್ತೆ, ಒಪ್ತೀನಿ. ಆದರೆ ಉಳಿದೆಲ್ಲ ತಪಾಸಣೆ ಸರಿಯಿದ್ದರೆ ಅದು ನರದ ಆಜ್ಞೆಗೆ ಹೃದಯ ಕ್ಷಣಕಾಲ ತಡೆದು ನಿಂತದ್ದು, ಹೃದಯ ಕೆಟ್ಟಿದ್ದಲ್ಲ. ಪೇಸ್‌ಮೇಕರ್ ಬಡಿತ ಕೊಡಬಹುದು, ಸಡಿಲವಾದ ರಕ್ತನಾಳವನ್ನ ಬಿಗಿ ಮಾಡಲ್ಲ. ಹಾಗಾಗಿ 40 ದಾಟಿದವರಲ್ಲಿ, ಮುನ್ಸೂಚನೆ ಇಲ್ಲದೆ ಮತ್ತೆ ಮತ್ತೆ ಬಿದ್ದು ಪೆಟ್ಟು ಮಾಡಿಕೊಳ್ಳೋರಿಗೆ ಮಾತ್ರ ಅದರ ಯೋಚನೆ. ತಮ್ಮನಿಗೆ ಮೊದಲು ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು, ಬಿಪಿ, ಕಿಡ್ನಿ ತೊಂದರೆ ಇಲ್ಲದಿದ್ದರೆ ಊಟದಲ್ಲಿ ಉಪ್ಪು ಸ್ವಲ್ಪ ಜಾಸ್ತಿ. ಕಣ್ಣು ಕತ್ತಲೆ ಬಂತು ಅನ್ನಿಸಿದರೆ ಕಾಲಿಗೆ ಕಾಲು ಹೆಣೆದು ತೊಡೆ, ಪೃಷ್ಠ ಗಟ್ಟಿಯಾಗಿ ಬಿಗಿ ಹಿಡಿಯಲಿ, ಎರಡೂ ಕೈ ಕೊಂಡಿ ಹಾಕಿ ಎಳೆಯಲಿ. ಆಗಲೂ ನಿಲ್ಲದಿದ್ದರೆ ನಾಚಿಕೆ ಬಿಟ್ಟು ನೆಲದ ಮೇಲೆ ಮಲಗಲಿ.

ಬೆಂಗಳೂರಿನ ಒಬ್ಬರು: ನಮ್ಮ ತಂದೆಗೆ 68. ರಾತ್ರಿ ಬಾತ್‌ರೂಮಿಗೆ ಎದ್ದಾಗ ಎರಡು ಸಲ ಬಿದ್ದರು. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ತಗೋತಾರೆ. ಅವರಿಗೂ ಈ ಟೆಸ್ಟ್ ಮಾಡಿಸಲಾ?

ವೈದ್ಯೆ: ಮೊದಲು ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ನೋಡಿ. ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಒಬ್ಬರು ಇರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನಿಂತಾಗ ಬಿಪಿ ಬೀಳೋ ತೊಂದರೆ ಅದು. ಆ ಎರಡೂ ಥರದ ಮಾತ್ರೆಗಳು ಅದಕ್ಕೆ ಕಾರಣ ಆಗಬಹುದು. ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ತೋರಿಸಿ, ಇಸಿಜಿಯನ್ನೂ ಮಾಡಿಸಿ. ಮೇಲೆ ಹೇಳಿದ ಉಪ್ಪಿನ ಮಾತು ಅವರಿಗಲ್ಲ. ಮುಂದೆ ಟಿಲ್ಟ್ ಬೇಕಾದರೂ ಹೃದಯದ ಕವಾಟ ತುಂಬಾ ಕಿರಿದಾಗಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಲೈಂಗಿಕ ಶಕ್ತಿಯ ಮಾತ್ರೆ ತಗೊಂಡಿದ್ದರೆ ಮುಜುಗರ ಪಡದೆ ಹೇಳಲಿ. ಅದರ ಮೇಲೆ ನೈಟ್ರೋಗ್ಲಿಸರಿನ್ ಬಿದ್ದರೆ ಬಿಪಿ ಅಪಾಯದ ಮಟ್ಟಕ್ಕೆ ಇಳಿಯುತ್ತೆ.

ಇನ್ನೊಬ್ಬ ಸದಸ್ಯೆ: ನನಗೆ ಟೆಸ್ಟ್ ನೆಗೆಟಿವ್ ಬಂತು ಮೇಡಂ. ಈಗ ಅತ್ತೆ ಮನೇಲಿ ನಾಟಕ ಅಂತಾರೆ.

ವೈದ್ಯೆ: ಆ ದಿನ ಬೀಳಲಿಲ್ಲ ಅಂತಷ್ಟೇ ಅದರ ಅರ್ಥ. ವೇಸೋವೇಗಲ್ ಇರೋರಿಗೂ ನೆಗೆಟಿವ್ ಬರುತ್ತೆ. ಬಿಪಿ, ನಾಡಿ ಸರಿಯಿದ್ದೂ ಟೇಬಲ್ ಮೇಲೆ ಕುಸಿಯೋರು ಕೂಡ ಇದ್ದಾರೆ. ಅದು ಮನಸ್ಸಿನ ಒತ್ತಡದಿಂದ ಬರೋದು, ಅವರ ಕೈಯಲ್ಲಿರಲ್ಲ, ಅದಕ್ಕೂ ಚಿಕಿತ್ಸೆ ಇದೆ. ನಾಟಕ ಅನ್ನೋರನ್ನ ಮುಂದಿನ ಸಲ ಜೊತೆಗೆ ಕರ್ಕೊಂಡು ಹೋಗಿ, ಡಾಕ್ಟರೇ ಹೇಳಲಿ.

ತಿಪಟೂರಿನ ತಂದೆ: ಮನೇಲಿ ಕೇಳಿದೆ ಮೇಡಂ. ಹೆಚ್ಚಿನ ಸಲ ನಿಂತಾಗಲೇ. ಒಂದು ಸಲ ಮಾತ್ರ ಕಾಲೇಜಲ್ಲಿ ಥ್ರೋಬಾಲ್ ಆಡುವಾಗ ಬಿದ್ದಳಂತೆ, ಬಿಸಿಲಿಗೆ ಅಂದುಕೊಂಡರು. ಇನ್ನೊಂದು, ನನ್ನ ಬಾಮೈದ 31ಕ್ಕೆ ರಾತ್ರಿ ಮಲಗಿದವನು ಬೆಳಗ್ಗೆ ಏಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು. ಟೆಸ್ಟ್ ಮುಂದಿನ ಸೋಮವಾರ ಇದೆ.

ವೈದ್ಯೆ: ಸರ್, ಸೋಮವಾರದ ಟೆಸ್ಟ್ ಮುಂದಕ್ಕೆ ಹಾಕಿಸಿ, ಅದಕ್ಕೆ ಕಾಯದೆ ಇವತ್ತು ನಾಳೆಯಲ್ಲೇ ಹೃದ್ರೋಗ ತಜ್ಞರನ್ನ ನೋಡಿ. ಆಡುವಾಗ ಬಿದ್ದದ್ದು, ತಾಯಿಯ ತಮ್ಮ ನಿದ್ದೆಯಲ್ಲಿ ಹೋಗಿದ್ದು, ಇವೆರಡನ್ನೂ ಬಾಯಿಬಿಟ್ಟು ಹೇಳಿ. ಇಸಿಜಿಯಲ್ಲಿ ಕ್ಯೂಟಿ ಅವಧಿ, ಅಂದರೆ ಒಂದು ಬಡಿತದ ವಿದ್ಯುತ್ ಶುರುವಾಗಿ ಆರೋಕೆ ಹಿಡಿಯೋ ಸಮಯ, ಅಳೆಯಬೇಕು, ಎಕೋ ಅಂದರೆ ಹೃದಯದ ಸ್ಕ್ಯಾನ್ ಬೇಕು, ಬಹುಶಃ ಟ್ರೆಡ್‌ಮಿಲ್ ಟೆಸ್ಟೂ ಬೇಕು. ಇವು ಮುಗಿಯದೆ ಟಿಲ್ಟ್ ಮಾಡಿದರೆ ತೊಂದರೆ ಏನು ಗೊತ್ತಾ? ಯಾವ ಕಾಯಿಲೆಯೂ ಇಲ್ಲದ ಕೆಲವರೂ ಆ ಟೇಬಲ್ ಮೇಲೆ ಬೀಳ್ತಾರೆ. ನಿಮ್ಮ ಮಗಳೂ ಬಿದ್ದರೆ "ವೇಸೋವೇಗಲ್, ನೀರು ಕುಡಿ" ಅಂತ ಕಳಿಸಿಬಿಡ್ತಾರೆ, ಒಳಗೆ ಇರಬಹುದಾದ ಹೃದಯದ ತೊಂದರೆ ಹಾಗೇ ಉಳಿಯುತ್ತೆ. ಅಲ್ಲೀತನಕ ಆಟ, ಓಟ ಬೇಡ, ಕೆರೆ ಬಾವಿಗೆ ಇಳಿಯೋದು ಬೇಡ. ಹಿಂದೆ ತೆಗೆದ ಇಸಿಜಿ ಎಲ್ಲ ಜೋಡಿಸಿಕೊಳ್ಳಿ, ಬಾಮೈದನದು ಸಿಕ್ಕರೆ ಅದೂ ಇರಲಿ. ಅವರಮ್ಮನಿಗೂ ಅದೇ ದಿನ ಒಂದು ಇಸಿಜಿ ತೆಗೆಸಿ.