ಆಲ್ಟೊ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್: ಗೇರ್‌ಬಾಕ್ಸ್ ಇಳಿಸಲೇಬೇಕಾ?

ಬದಿಯಡ್ಕ ಆಲ್ಟೊ: ನನ್ನದು ಹಳೇ ಆಲ್ಟೊ, 796 ಸಿಸಿ. ಇಂಜಿನ್, ಗೇರ್‌ಬಾಕ್ಸ್ ಸೇರುವ ಜಾಗದ ಅಡಿಯಿಂದ ಆಯಿಲ್ ತೊಟ್ಟಿಕ್ಕುತ್ತದೆ. ಕಲ್ಲಡ್ಕ–ಚೆರ್ಕಳ ರಸ್ತೆಯ ಏರಿನಲ್ಲಿ ಕ್ಲಚ್ ಜಾರುತ್ತದೆ. ಕ್ರ್ಯಾಂಕಿನ (ಇಂಜಿನ್ನಿನೊಳಗೆ ತಿರುಗುವ ಮುಖ್ಯ ಶಾಫ್ಟ್) ಹಿಂದಿನ ಸೀಲ್, ಅಂದ್ರೆ ಆಯಿಲ್ ಹೊರಗೆ ಬಾರದಂತೆ ತಡೆಯುವ ಬಳೆ, ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂತಾರೆ ಮೆಕ್ಯಾನಿಕ್. ಸೀಲಿಗಿಂತ ಕೂಲಿಯೇ ಎಷ್ಟೋ ಜಾಸ್ತಿ. ಇಳಿಸದೆ ಆಗುವುದಿಲ್ವಾ?

ಕುಂಬಳೆ ಗ್ಯಾರೇಜ್: ಆಗುವುದಿಲ್ಲ. ಆ ಸೀಲ್ ಫ್ಲೈವೀಲಿನ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಹಿಂದೆ ಉಂಟು. ಡ್ರೈವ್ ಶಾಫ್ಟ್ ಎಳೆದು, ಗೇರ್‌ಬಾಕ್ಸ್ ಇಳಿಸಿ, ಕ್ಲಚ್, ಫ್ಲೈವೀಲ್ ಬಿಚ್ಚಿದ ಮೇಲೇ ಕಾಣುವುದು. ಮುಂದಿನ ಸೀಲಾಗಿದ್ದರೆ ಪುಲ್ಲಿ, ಟೈಮಿಂಗ್ ಬೆಲ್ಟ್ ಬಿಚ್ಚಿದರೆ ಸಾಕಿತ್ತು. ಆಯಿಲ್ ಕುಡಿದ ಕ್ಲಚ್ ಪ್ಲೇಟನ್ನು ತೊಳೆದು ಮತ್ತೆ ಹಾಕಬೇಡಿ. ಹೊಸ ಸೀಲಿನ ತುಟಿಗೆ (ಶಾಫ್ಟಿಗೆ ತಾಗುವ ಒಳ ಅಂಚಿಗೆ) ಸ್ವಲ್ಪ ಇಂಜಿನ್ ಆಯಿಲ್ ಸವರಿ ಕೂರಿಸಿ.

ಮಂಜೇಶ್ವರ ಡೀಸೆಲ್: ಅಷ್ಟೆಲ್ಲ ಬಿಚ್ಚುವ ಮೊದಲು ಸೋರಿಕೆ ನಿಲ್ಲಿಸುವ ಬಾಟಲಿ ಸಿಗುತ್ತದಲ್ಲ, ಅದನ್ನು ಇಂಜಿನ್ ಆಯಿಲಿಗೆ ಹಾಕಿ ನೋಡಿ. ರಬ್ಬರ್ ಊದಿಕೊಂಡು ಸೋರಿಕೆ ನಿಲ್ಲುತ್ತದೆ.

ಕುಂಬಳೆ ಗ್ಯಾರೇಜ್: ಗಟ್ಟಿಯಾದ ರಬ್ಬರ್ ಸ್ವಲ್ಪ ಊದಬಹುದು. ತುಟಿ ಹರಿದ ಸೀಲ್ ಬಾಟಲಿಯಿಂದ ಕೂಡಿಕೊಳ್ಳುತ್ತದಾ? ಕ್ಲಚ್ ಜಾರುತ್ತಾ ಇರುವ ಗಾಡಿಗೆ ಇಂಥ ಸಲಹೆ ಕೊಡಬೇಡಿ ಮಾರಾಯ್ರೇ.

ಉಪ್ಪಳದವ: "ಆಯಿಲ್ ಸವರಿ" ಅಂತ ಎಲ್ಲಾ ಸೀಲಿಗೂ ಹೇಳಬೇಡಿ. ಪಿಟಿಎಫ್‌ಇ (ಟೆಫ್ಲಾನ್) ಸೀಲನ್ನು ಒಣಗಿದ ಶಾಫ್ಟಿನ ಮೇಲೆ ಹಾಗೆಯೇ ಕೂರಿಸಬೇಕು. ತಿರುಗುವಾಗ ಅದರ ತೆಳು ಪದರ ಶಾಫ್ಟಿಗೆ ಹಿಡಿಯಬೇಕು. ಆಯಿಲ್ ಇದ್ದರೆ ಹಿಡಿಯುವುದಿಲ್ಲ, ಮತ್ತೆ ಸೋರುತ್ತದೆ.

ಕುಂಬಳೆ ಗ್ಯಾರೇಜ್: ನಾನು ಹಾಕಿದ ಆಲ್ಟೊಗಳಿಗೆಲ್ಲ ರಬ್ಬರ್ ಸೀಲೇ. ರಬ್ಬರ್ ತುಟಿ ಒಣಗಿದ್ದರೆ ಇಂಜಿನ್ ಸ್ಟಾರ್ಟ್ ಆದ ಕೂಡಲೇ ಉಜ್ಜಿ ಹಾಳಾಗುತ್ತದೆ. ನೀವು ಬೇರೆ ಗಾಡಿಯ ಮಾತು ಇಲ್ಲಿ ತರುತ್ತಿದ್ದೀರಿ.

ಮುಳ್ಳೇರಿಯ ಜೀಪ್: ಸೀಲ್ ಹೋಗಿದೆ ಅಂತ ನೋಡಿದವರು ಯಾರು? ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರಿದರೂ ಆಯಿಲ್ ಇಂಜಿನ್ ಬೆನ್ನಿಗುಂಟ ಇಳಿದು ಅಲ್ಲೇ ತೊಟ್ಟಿಕ್ಕುತ್ತದೆ. ಮೊದಲು ಪೂರ್ತಿ ಒರೆಸಿ, ಸ್ವಲ್ಪ ಓಡಿಸಿ, ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ. ಬೆರಳಿಗೆ ತಾಗಿಸಿ ಮೂಸಿ. ಗಂಧಕದ ಹಾಗೆ ಗಬ್ಬು ವಾಸನೆ ಬಂದರೆ ಗೇರ್ ಆಯಿಲ್, ಸೋರುವುದು ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲ್. ಪಿಸಿವಿ ವಾಲ್ವ್ (ಇಂಜಿನ್ನಿನೊಳಗೆ ಸೇರುವ ಗ್ಯಾಸ್ ಹೊರಗೆ ಬಿಡುವ ವಾಲ್ವ್) ಕಟ್ಟಿದ್ದರೂ ಒಳಗೆ ಒತ್ತಡ ಏರಿ ಆಯಿಲ್ ಸೀಲಿನಿಂದ ಹೊರಗೆ ಬರುತ್ತದೆ. ಅದನ್ನು ಸರಿಮಾಡದೆ ಹೊಸ ಸೀಲ್ ಹಾಕಿದರೆ ಅದೂ ಸೋರುತ್ತದೆ.

ಕುಂಬಳೆ ಗ್ಯಾರೇಜ್: "ನೋಡಿದವರು ಯಾರು" ಅಂದ್ರೆ? ಗಾಡಿಯ ಅಡಿಗೆ ಮಲಗಿ ನೋಡಿದ ಮೆಕ್ಯಾನಿಕ್ ಸುಳ್ಳು ಹೇಳಿದ್ದಾ? ಗ್ಯಾರೇಜಿನವರೆಲ್ಲ ಕಳ್ಳರು ಅಂತ ನೇರ ಹೇಳಿಬಿಡಿ.

ಮುಳ್ಳೇರಿಯ ಜೀಪ್: ಕಳ್ಳರು ಅಂತ ನಾನು ಎಲ್ಲೂ ಬರೆದಿಲ್ಲ. ಮತ್ತೊಮ್ಮೆ ಓದಿ.

ಉಪ್ಪಳದವ: "ಆಲ್ಟೊಗಳಿಗೆಲ್ಲ ರಬ್ಬರ್" ಅಂದ್ರಿ. ಕಾಸರಗೋಡಲ್ಲಿ ಸಿಗದೆ ಮಂಗಳೂರಿನಿಂದ ತರಿಸುವ ಸೀಲಿನ ಕಟ್ಟಿನಲ್ಲಿ ಏನು ಬರುತ್ತದೆ ಅಂತ ನೀವು ಇಲ್ಲಿ ಕೂತು ಹೇಳಬಹುದಾ?

ಕುಂಬಳೆ ಗ್ಯಾರೇಜ್: ಕೈಗೆ ತಗೊಂಡರೆ ಗೊತ್ತಾಗುತ್ತದೆ. ತುಟಿಯ ಹಿಂದೆ ಸಣ್ಣ ಸ್ಪ್ರಿಂಗ್ ಸುತ್ತಿದ್ದರೆ ರಬ್ಬರ್ ಸೀಲ್. ಆ ಸ್ಪ್ರಿಂಗ್ ಇರುವ ಬದಿ ಇಂಜಿನ್ ಕಡೆಗೆ. ಪಿಟಿಎಫ್‌ಇ ಸೀಲಿಗೆ ಸಾಮಾನ್ಯವಾಗಿ ಸ್ಪ್ರಿಂಗ್ ಇಲ್ಲ, ತುಟಿ ಮಡಚದ ಹಾಗೆ ಒಳಗೆ ಪ್ಲಾಸ್ಟಿಕ್ ಬಳೆ ಇಟ್ಟು ಕೊಡುತ್ತಾರೆ.

ಉಪ್ಪಳದವ: ಅಂದ್ರೆ ನೋಡಿದ ಮೇಲೆ ಆಯಿಲ್ ಸವರಬೇಕಾ ಬೇಡವಾ ಅಂತ ತೀರ್ಮಾನ. ನಾನು ಹೇಳಿದ್ದೂ ಅದನ್ನೇ.

ಕುಂಬಳೆ ಗ್ಯಾರೇಜ್: ನೀವು ಹೇಳಿದ್ದು ಅದಲ್ಲ. ನಾನು ಕೇಳಿದವರ ಆಲ್ಟೊಗೆ ಉತ್ತರ ಕೊಟ್ಟೆ, ನೀವು ಅದನ್ನು ತಪ್ಪು ಅಂದ್ರಿ.

ಮಂಜೇಶ್ವರ ಡೀಸೆಲ್: ಬಾಟಲಿ ಹಾಕಿದ ನಮ್ಮ ಭಾವನ ಗಾಡಿ ಈಗಲೂ ಓಡುತ್ತಾ ಉಂಟು.

ಮುಳ್ಳೇರಿಯ ಜೀಪ್: ಸವರುವ ಜಗಳ ಆಮೇಲೆ ಮಾಡಿ. ಹಳೇ ಸೀಲ್ ಕಿತ್ತ ಮೇಲೆ ಅದರ ತುಟಿ ಕೂತಿದ್ದ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಶಾಫ್ಟ್ ಸವೆದು ಗೀರು ಬಿದ್ದಿದೆ. ಅಲ್ಲಿಗೇ ಹೊಸ ತುಟಿ ಕೂತರೆ ಮತ್ತೆ ಸೋರುತ್ತದೆ. ಜಾಗ ಇದ್ದರೆ ಸೀಲನ್ನು ಒಂದು ಮಿಲಿಮೀಟರ್ ಆಚೀಚೆ ಕೂರಿಸಬೇಕು, ಇಲ್ಲಾಂದ್ರೆ ಶಾಫ್ಟಿಗೆ ತೆಳು ಸ್ಲೀವ್ (ಮೇಲೆ ತೊಡಿಸುವ ಲೋಹದ ಬಳೆ) ಹಾಕಿಸಬೇಕು.

ಕುಂಬಳೆ ಗ್ಯಾರೇಜ್: ಆ ಗೀರು ಹೆಚ್ಚಾಗಿ ಸ್ಕ್ರೂಡ್ರೈವರ್ ತುರುಕಿ ಸೀಲ್ ಕೀಳುವವರು ಮಾಡಿದ್ದು.

ಮುಳ್ಳೇರಿಯ ಜೀಪ್: ಸೀಲಿನ ತುಟಿಯೇ ವರ್ಷಗಟ್ಟಲೆ ಉಜ್ಜಿ ಸುತ್ತಲೂ ಗೀರು ಮಾಡುತ್ತದೆ. ಸ್ಕ್ರೂಡ್ರೈವರ್ ಗೀರು ಅಡ್ಡ ಇರುತ್ತದೆ.

ಬದಿಯಡ್ಕ ಆಲ್ಟೊ: ಅಣ್ಣಂದಿರೇ, ಮೂಸಿ ನೋಡಿದೆ. ಗಂಧಕದ ವಾಸನೆ ಇಲ್ಲ, ಇಂಜಿನ್ ಆಯಿಲೇ. ವಾಲ್ವ್ ಕವರಿನ ಸುತ್ತ ಒಣಗಿದೆ. ಗೇರ್‌ಬಾಕ್ಸ್ ಇಳಿಸಲು ಹೇಳಲಾ?

ಕುಂಬಳೆ ಗ್ಯಾರೇಜ್: ಹೇಳಿ. ಮೊದಲು ಪಿಸಿವಿ ವಾಲ್ವ್ ಕಿತ್ತು ಅಲ್ಲಾಡಿಸಿ ನೋಡಿ, ಟಕ್‌ಟಕ್ ಅನ್ನಬೇಕು. ಹೊಸ ಸೀಲ್ ಬಂದ ಮೇಲೆ ಫೋಟೋ ಹಾಕಿ.

ಉಪ್ಪಳದವ: ತುಟಿಯ ಹಿಂಬದಿ ಕಾಣುವ ಹಾಗೆ ಹಾಕಿ. ಅಲ್ಲಿಯವರೆಗೆ ಆಯಿಲ್ ಮುಟ್ಟಿಸಬೇಡಿ.