ಸೇತುವೆ ಆಯ್ತು, ತುಮರಿ ಕಡೆಯ ಹುಡುಗರು ಬೆಂಗಳೂರಿನಿಂದ ವಾಪಸ್ ಹೋಗ್ತಾರಾ?

ಹಿನ್ನೀರಿನವ (ವಿಜಯನಗರ, ಬೆಂಗಳೂರು):
2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಶರಾವತಿ ಹಿನ್ನೀರಿನ ಆಚೆ ದ್ವೀಪದ ಹಾಗೆ ಉಳಿದಿದ್ದ ತುಮರಿ ಕಡೆಯ ಊರುಗಳಿಗೆ ಈಗ ಹಗಲು ರಾತ್ರಿ ದಾರಿ ಇದೆ. ಇಲ್ಲಿ ಸಾಗರ ತಾಲೂಕಿನ ಕಡೆಯ ಹುಡುಗರು ಸೇರಿದಲ್ಲೆಲ್ಲ ಇದೇ ಮಾತು. ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಕಾಟಕ್ಕೇ ಊರು ಬಿಟ್ಟದ್ದಾದರೆ ಈಗ ಹೋಗಿ ಕೂರಬಹುದಲ್ಲ? ಹೋಗುವ ಮನಸ್ಸಿದ್ದವರು ಮೊದಲು ಏನು ನೋಡ್ಕೋಬೇಕು? ತಿಳಿದವರು ಹೇಳಿ.

ಕರೂರು ಸೀಮೆ:
ಲಾಂಚ್ ದೊಡ್ಡ ಕಾರಣವೇ. ಸಂಜೆ ಕೊನೇ ಲಾಂಚ್ ತಪ್ಪಿದರೆ ಹೆರಿಗೆಗೂ ಹೊಸನಗರದ ಸುತ್ತುದಾರಿಯೇ ಗತಿಯಾಗಿತ್ತು. ಬೇಸಿಗೆಯ ಕೊನೆಗೆ ನೀರು ತೀರಾ ಇಳಿದರೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಆದರೆ ಹುಡುಗರನ್ನು ಹೊರಗೆ ತಳ್ಳಿದ್ದು ಅದಕ್ಕಿಂತ ಹೆಚ್ಚಾಗಿ ಪಹಣಿ, ಅಂದರೆ ಜಮೀನಿನ ಹಕ್ಕಿನ ದಾಖಲೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಡೆಯಾದವರಿಗೆ ತೋರಿಸಿದ ಜಾಗ ಎಷ್ಟೋ ಕಡೆ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ದಾರಿ ಇದೆ ಅಂತಾರೆ, ಆದರೆ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ ಕಾಡಿನಲ್ಲಿ ವಾಸವಿದ್ದ ಸಾಕ್ಷ್ಯ ಕೊಡಬೇಕು. ಅರವತ್ತರ ದಶಕದಲ್ಲಿ ಸರ್ಕಾರವೇ ಎತ್ತಿ ತಂದು ಬಿಟ್ಟವರು ಅದನ್ನು ಎಲ್ಲಿಂದ ತರಬೇಕು? ಹಕ್ಕಿಲ್ಲದ ಜಮೀನಿಗೆ ಬೆಳೆಸಾಲ ಇಲ್ಲ, ಮನೆ ಸಾಲ ಇಲ್ಲ. ಇಪ್ಪತ್ತೆರಡರ ಹುಡುಗ ಬೆಂಗಳೂರಿನ ಬಸ್ ಹತ್ತದೆ ಇನ್ನೇನು ಮಾಡ್ತಾನೆ?

ಆದ್ದರಿಂದ ಕೆಲಸ ಬಿಡುವ ಮೊದಲು ಪಹಣಿ ತೆಗೆಸಿ. ಕಾಲಂ 9ರಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲ, ಋಣ ಏನಿದೆ ನೋಡಿ. ಬಗರ್ ಹುಕುಂ (ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನು ಸಕ್ರಮ ಮಾಡಿ ಅನ್ನುವ) ಅರ್ಜಿಯ ಸ್ವೀಕೃತಿ ಚೀಟಿ ಕೈಲಿದ್ದ ಮಾತ್ರಕ್ಕೆ ಜಮೀನು ನಿಮ್ಮದಾಗುವುದಿಲ್ಲ.

ಅಡಕೆ ಲೆಕ್ಕ:
ಪಹಣಿ ಸರಿ ಇದೆ ಅಂತಿಟ್ಟುಕೊಳ್ಳಿ. ಬೆಂಗಳೂರಲ್ಲಿ ಕೆಲಸ, ಶನಿವಾರ ಭಾನುವಾರ ಅಡಕೆ ತೋಟ ಅನ್ನುವ ಯೋಚನೆ ಬೇಡ ಮಾರಾಯ್ರೆ. ಕಾರಣ ಕೊಳೆರೋಗ, ಮಳೆಗಾಲದಲ್ಲಿ ಎಳೆಕಾಯಿ ಕೊಳೆತು ಉದುರುವುದು.

ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೊದಲ ಹೊಡೆತ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಆ ಎರಡನೆಯದು ಬೀಳುವುದು ನಡು ಮಳೆಗಾಲದಲ್ಲಿ. ಮಳೆ ಬಿಟ್ಟು ಹೊಳವಾಗುವುದು ಮಂಗಳವಾರವೋ ಗುರುವಾರವೋ ಹೇಳಲಾಗದು. ಅವತ್ತು ತೋಟದಲ್ಲಿ ಇದ್ದವನಿಗೆ ಫಸಲು.

ಅಳತೆ: ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50–50 ಲೀಟರಿಗೆ ಬೇರೆಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾ ಮುರುಗಾ ಮಾಡಬಾರದು. ಬೆಳಗಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣದ ನೀರು ಹಾಕಿ. ಇಲ್ಲದಿದ್ದರೆ ಎಳೆಕಾಯಿ ಸುಡುತ್ತದೆ. ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಿ, ನಾಳೆಗೆ ಇಟ್ಟರೆ ಕಾಯಿಗೆ ಅಂಟುವ ಗುಣ ಹೋಗುತ್ತದೆ.

ಮರ ಹತ್ತುವ ಕೊನೆಗೌಡರು ಕಡಿಮೆಯಾಗಿದ್ದಾರೆ, ಇದ್ದವರಿಗೆ ಎಲ್ಲರ ತೋಟದಿಂದಲೂ ಕರೆ. ಈಗ ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿ, ಬಂದಿದೆ, ನೆಲದಲ್ಲೇ ನಿಂತು ಔಷಧಿ ಹೊಡೆಯಬಹುದು, ಅಡಕೆ ಗೊನೆ ಇಳಿಸಬಹುದು. ವಾಪಸಾಗುವವರು ಕಲಿಯಬೇಕಾದ ಮೊದಲ ಕೆಲಸ ಇದು ಅಂತ ನನ್ನ ಅಭಿಪ್ರಾಯ. ಹೊಸ ಸಸಿ ಇಟ್ಟರೆ ಫಸಲಿಗೆ 5–7 ವರ್ಷ ಕಾಯಬೇಕು, ಆವರೆಗಿನ ಸಂಸಾರದ ಖರ್ಚಿಗೆ ದಾರಿ ಇಟ್ಟುಕೊಂಡೇ ಹೊರಡಿ.

ದೂರದ ದ್ವೀಪ:
ಕರೂರು ಸೀಮೆಯವರ ಮಾತಿಗೆ ಒಂದು ಸೇರಿಸ್ತೇನೆ. ಸ್ಕಾಟ್ಲೆಂಡಿನ ಐಗ್ ದ್ವೀಪಕ್ಕೆ ಇವತ್ತಿಗೂ ಸೇತುವೆ ಇಲ್ಲ, ದೋಣಿಯೇ. ಇಡೀ ದ್ವೀಪ ಒಬ್ಬ ಧಣಿಯ ಕೈಲಿತ್ತು. 1997ರಲ್ಲಿ ಊರವರು ಟ್ರಸ್ಟ್ ಮಾಡಿ ಕೊಂಡರು. 2008ರಲ್ಲಿ ಗಾಳಿ, ನೀರು, ಬಿಸಿಲಿನಿಂದ ಸ್ವಂತ ಕರೆಂಟ್ ಮಾಡಿಕೊಂಡರು. ಒಂದು ಮನೆ ಒಮ್ಮೆಗೆ 5 ಕಿಲೋವ್ಯಾಟ್ ದಾಟುವಂತಿಲ್ಲ ಅಂತ ಮಿತಿ ಹಾಕಿಕೊಂಡರು. ಆಮೇಲೆ ಜನಸಂಖ್ಯೆ ಏರಿತು, ಹೊರಗೆ ಹೋಗಿದ್ದ ಮಕ್ಕಳಲ್ಲಿ ಕೆಲವರು ತಿರುಗಿ ಬಂದು ಮನೆ ಕಟ್ಟಿದರು. ದೋಣಿ ಬದಲಾಗಲಿಲ್ಲ, ಕಾಲಡಿಯ ನೆಲದ ಹಕ್ಕು ಬದಲಾಯಿತು.

ನಮ್ಮಲ್ಲಿ ಭಯ ಬೇರೆ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು. ಕೃಷಿಕರಲ್ಲದವರೂ ಈಗ ಕೃಷಿ ಜಮೀನು ಕೊಳ್ಳಬಹುದು. ಸೇತುವೆ ಆದಮೇಲೆ ಹಿನ್ನೀರು ಕಾಣುವ ಗುಡ್ಡದ ಮೇಲೆ ರೆಸಾರ್ಟಿನವರ ಕಣ್ಣು ಬೀಳದೆ ಇರುತ್ತದಾ? ಊರಲ್ಲಿ ಒಂದೆಕರೆ ಇದ್ದರೂ ಅವಸರಕ್ಕೆ ಮಾರಬೇಡಿ ಅಂತ ಕೈ ಮುಗಿದು ಕೇಳ್ತೇನೆ.

ಹಿನ್ನೀರಿನವ:
ಎಲ್ಲರಿಗೂ ವಂದನೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ?

ಕರೂರು ಸೀಮೆ:
ಅಂಥವೇ ಜಾಸ್ತಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆ ವಾರಸುದಾರರ ಹೆಸರಿಗೆ ಮಾಡಿಕೊಡಿ ಅಂತ, ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅತ್ತೆಯರ ಹೆಸರು ಬಿಡಲೇಬೇಡಿ, ಅವರಿಗೂ ಹಕ್ಕಿದೆ. ಬಿಟ್ಟರೆ ತಕರಾರು ಬಿದ್ದು ವರ್ಷಗಟ್ಟಲೆ ನಿಲ್ಲುತ್ತದೆ. ಖಾತೆ ಜಂಟಿಯಾಗಿ ಬಂದಮೇಲೆ ನಿಮ್ಮ ಪಾಲನ್ನು ಅಳೆದು ಗುರುತಿಸುವ 11ಇ ನಕ್ಷೆ ಮಾಡಿಸಿ, ಆಮೇಲೆ ವಿಭಾಗಪತ್ರ ನೋಂದಣಿ. ಅಳತೆಯನ್ನು ಮಳೆಗೆ ಮುಂಚೆ, ಎಲ್ಲ ಪಾಲುದಾರರೂ ಊರಿಗೆ ಬರುವ ಹೊತ್ತು ನೋಡಿ ಇಟ್ಟುಕೊಳ್ಳಿ. ಜಡಿಮಳೆಯಲ್ಲಿ ಗಡಿಕಲ್ಲು ಹುಡುಕುವುದು ಕಷ್ಟ.