ಪಿಎಚ್‌ಪಿ ಬರೆದ ರಾಸ್ಮಸ್ ಲೆರ್ಡಾರ್ಫ್: ಬಿಸಿಎ ಮಕ್ಕಳಿಗೆ ಏನು ಹೇಳಲಿ, ಏನು ಮಾಡಿ ತೋರಿಸಲಿ?

ಶಿರಸಿ ಲ್ಯಾಬ್:
ಎಲ್ಲರಿಗೂ ನಮಸ್ಕಾರ. ಬಿಸಿಎ ಮಕ್ಕಳಿಗೆ ಪಿಎಚ್‌ಪಿ (ಸರ್ವರಿನಲ್ಲಿ ಓಡಿ ವೆಬ್ ಪುಟ ಕಟ್ಟುವ ಭಾಷೆ) ಶುರು ಮಾಡುವ ಮೊದಲು, ಅದನ್ನು ಬರೆದ ರಾಸ್ಮಸ್ ಲೆರ್ಡಾರ್ಫ್ ಬಗ್ಗೆ ಒಂದು ತಾಸು ಹೇಳಬೇಕು ಅಂತಿದ್ದೇನೆ. ಪಿಎಚ್‌ಪಿ ಹುಟ್ಟಿದ್ದು 1994 ಅಂತ ಒಂದು ಕಡೆ, 1995 ಅಂತ ಇನ್ನೊಂದು ಕಡೆ ಇದೆ. ಯಾವುದು ಸರಿ? ಅವರ ಮೊದಲ ಕೆಲಸವನ್ನೇ ಲ್ಯಾಬಿನಲ್ಲಿ ಮಾಡಿ ತೋರಿಸಲು ಬರುತ್ತದೆಯೇ? ಎಲ್ಲ ವಿಂಡೋಸ್ ಮಶೀನು. ಮಳೆಗಾಲದಲ್ಲಿ ನೆಟ್ ನಂಬುವ ಹಾಗಿಲ್ಲ.

ಕೋಡಿಬಾಗ:
ಎರಡೂ ಸರಿ ಅಕ್ಕೋರೆ. ಬರೆದದ್ದು 1994, ಸೋರ್ಸ್ ಕೋಡ್ ಸಮೇತ ಎಲ್ಲರಿಗೂ ಕೊಟ್ಟದ್ದು 1995ರ ಜೂನ್ 8.

ರಾಸ್ಮಸ್ ಹುಟ್ಟಿದ್ದು 1968ರಲ್ಲಿ, ಗ್ರೀನ್‌ಲ್ಯಾಂಡಿನ ಡಿಸ್ಕೊ ದ್ವೀಪದಲ್ಲಿ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ 1993ಕ್ಕೆ ಎಂಜಿನಿಯರಿಂಗ್ ಮುಗಿಸಿದರು. ನೆಟ್ಟಿಗೆ ಹಾಕಿದ್ದ ತಮ್ಮ ರೆಸ್ಯೂಮೆಯನ್ನು ಯಾರು ನೋಡುತ್ತಿದ್ದಾರೆ ಅಂತ ತಿಳಿಯಲು ಸಿ ಭಾಷೆಯಲ್ಲಿ ಕೆಲವು ಸಿಜಿಐ ಪ್ರೋಗ್ರಾಂ (ಯಾರಾದರೂ ಪುಟ ಕೇಳಿದಾಗ ವೆಬ್ ಸರ್ವರ್ ಓಡಿಸುವಂಥವು) ಬರೆದುಕೊಂಡರು. ಅದಕ್ಕೇ 'ಪರ್ಸನಲ್ ಹೋಮ್ ಪೇಜ್ ಟೂಲ್ಸ್' ಎಂಬ ಹೆಸರು. ಹೊಸ ಭಾಷೆ ಕಟ್ಟುವ ಉದ್ದೇಶ ಅವರಿಗಿರಲಿಲ್ಲ, ಇದನ್ನು ಮಕ್ಕಳಿಗೆ ಒತ್ತಿ ಹೇಳಿ. ಫಂಕ್ಷನ್ ಹೆಸರುಗಳು ಒಂದೊಂದು ಥರ ಇರುವುದೂ ಇದರಿಂದಲೇ. ಫಂಕ್ಷನ್ನನ್ನು ಬೇಗ ಹುಡುಕಲು ಅದರ ಹೆಸರಿನಿಂದ ಒಂದು ಅಂಕಿ ಮಾಡಿ ಗುಂಪು ಹಾಕುತ್ತಾರೆ, ಅದೇ ಹ್ಯಾಶ್. ಆಗಿನ ಹ್ಯಾಶ್ ಅಂದರೆ ಹೆಸರಿನಲ್ಲಿರುವ ಅಕ್ಷರಗಳ ಲೆಕ್ಕ ಅಷ್ಟೇ. ಉದ್ದ ಬೇರೆ ಬೇರೆ ಇರಲಿ ಅಂತ 'ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್' ಥರದ ಹೆಸರಿಟ್ಟೆ ಅಂತ 2013ರಲ್ಲಿ ಅವರೇ ವಿವರಿಸಿದ್ದಾರೆ.

ನನ್ನ ಪ್ರಕಾರ ಅವರ ದೊಡ್ಡತನ ಕಾಣುವುದು 1997ರಲ್ಲಿ. ಜೀವ್ ಸುರಾಸ್ಕಿ, ಆಂಡಿ ಗುಟ್‌ಮನ್ಸ್ ಎಂಬ ಇಸ್ರೇಲಿನ ಇಬ್ಬರು ವಿದ್ಯಾರ್ಥಿಗಳು ಪಾರ್ಸರನ್ನು (ಕೋಡನ್ನು ಓದಿ ಅರ್ಥ ಮಾಡಿಕೊಳ್ಳುವ ಭಾಗ) ಬುಡದಿಂದ ಹೊಸದಾಗಿ ಬರೆದರು. ರಾಸ್ಮಸ್ ತಮ್ಮದನ್ನು ಬದಿಗಿಟ್ಟು ಅವರ ಜೊತೆ ಸೇರಿದರು. 1998ರ ಜೂನ್‌ನಲ್ಲಿ ಬಂದ ಪಿಎಚ್‌ಪಿ 3 ಅದೇ. ಆಮೇಲೆ 2002ರಿಂದ 2009ರವರೆಗೆ ಯಾಹೂ ಕಂಪನಿಯಲ್ಲಿ ಕೆಲಸ, ಮುಂದೆ ಎಟ್ಸಿ ಕಂಪನಿಯಲ್ಲಿ.

ಕುಮಟಾ ಕಡೆಯವ:
ಲ್ಯಾಬಿಗೆ ನೆಟ್ ಬೇಕಾಗಿಲ್ಲ. ಪಿಎಚ್‌ಪಿಯ ಜಿಪ್ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಜೊತೆಗೆ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ (ಅದು ಓಡಲು ಬೇಕಾದ ಮೈಕ್ರೋಸಾಫ್ಟ್ ಫೈಲುಗಳು) ಕೂಡ ಇರಲಿ; ಅದಿಲ್ಲದ ಮಶೀನಿನಲ್ಲಿ 'ವಿಸಿರನ್‌ಟೈಮ್140 ಸಿಗಲಿಲ್ಲ' ಅಂತ ನಿಂತುಬಿಡುತ್ತದೆ. ಫೋಲ್ಡರಿಗೆ ಹೋಗಿ 'ಪಿಎಚ್‌ಪಿ', ಮೈನಸ್ ದೊಡ್ಡ ಎಸ್, 'ಲೋಕಲ್‌ಹೋಸ್ಟ್:8000' ಕೊಟ್ಟರೆ ಸರ್ವರ್ ರೆಡಿ. 8000 ಅಂದರೆ ಪೋರ್ಟ್, ಮಶೀನಿನಲ್ಲಿ ಆ ಸರ್ವರಿನ ಬಾಗಿಲ ನಂಬರು. ಸಣ್ಣ ಎಸ್ ಹೊಡೆದರೆ ಏಳುವುದಿಲ್ಲ.

ರಾಸ್ಮಸ್ ಥರ ಪುಟ ನೋಡಿದವರ ಲೆಕ್ಕ ಇಡುವುದನ್ನೇ ಮಾಡಿಸಿ. ಪುಟ ತೆರೆದಾಗ ಫೈಲಿನಲ್ಲಿರುವ ಅಂಕಿ ಓದಿ, ಒಂದು ಕೂಡಿಸಿ, ವಾಪಸ್ ಬರೆಯಬೇಕು. ಆರು ಸಾಲಿನ ಕೋಡು. ಪಾಠ ಇರುವುದು ಅದು ತಪ್ಪುವ ಕಡೆ. ಅಡಿಕೆ ಮಂಡಿಯಲ್ಲಿ ಚೀಲ ಇಳಿಸುವಾಗ ಇಬ್ಬರು ಒಂದೇ ಹೊತ್ತಿಗೆ ಹಲಗೆ ಮೇಲಿನ 41 ನೋಡಿ, ಇಬ್ಬರೂ 42 ಬರೆದರೆ ಒಂದು ಚೀಲ ಲೆಕ್ಕದಿಂದ ಹೋಯಿತಲ್ಲ, ಇಲ್ಲೂ ಹಾಗೇ.

ಆದರೆ ಈ ಸರ್ವರ್ ಒಂದು ಸಲಕ್ಕೆ ಒಂದೇ ಕೋರಿಕೆ ನೋಡುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಅದೇ ಫೋಲ್ಡರಿನಿಂದ 8001 ಪೋರ್ಟಿನಲ್ಲಿ ಇನ್ನೊಂದು ಸರ್ವರ್ ಎಬ್ಬಿಸಿ. ಓದುವುದಕ್ಕೂ ಬರೆಯುವುದಕ್ಕೂ ನಡುವೆ 'ಸ್ಲೀಪ್(5)' (ಐದು ಸೆಕೆಂಡು ನಿಲ್ಲು) ಹಾಕಿ, ಎರಡು ಟ್ಯಾಬಿನಲ್ಲಿ ಎರಡೂ ಪೋರ್ಟನ್ನು ಬೆನ್ನುಬೆನ್ನಿಗೆ ತೆರೆಯಿರಿ. ಎರಡೂ ಕಡೆ 42 ಬರುತ್ತದೆ.

ಆಮೇಲೆ 'ಎಫ್‌ಲಾಕ್' ಸೇರಿಸಿ, ಅದು ಒಬ್ಬರು ಮುಗಿಸುವವರೆಗೆ ಫೈಲಿಗೆ ಬೀಗ ಹಾಕುವ ಫಂಕ್ಷನ್. ಫೈಲನ್ನು 'ಡಬ್ಲ್ಯು' ಮೋಡಿನಲ್ಲಿ ತೆರೆಯಬೇಡಿ, ಬೀಗ ಬೀಳುವ ಮೊದಲೇ ಫೈಲು ಖಾಲಿಯಾಗಿ ಎಣಿಕೆ ಮತ್ತೆ 1ಕ್ಕೆ ಬರುತ್ತದೆ. 'ಸಿ ಪ್ಲಸ್' ಸರಿ. ಬೀಗ, ಓದು, ಟ್ರಂಕೇಟ್ (ಖಾಲಿ ಮಾಡು), ರಿವೈಂಡ್ (ಮೊದಲಿಗೆ ಹೋಗು), ಬರೆ, ಮುಚ್ಚು; ಇದೇ ಕ್ರಮ. ಬೀಗ ಹಾಕಿದ ಹ್ಯಾಂಡಲಿನಿಂದಲೇ (ಫೈಲು ತೆರೆದಾಗ ಸಿಗುವ ಹಿಡಿ) ಓದಬೇಕು, ವಿಂಡೋಸಿನಲ್ಲಿ ಬೇರೆ ಕಡೆಯಿಂದ ಓದಲು ಹೋದರೆ 'ಪರ್ಮಿಷನ್ ಡಿನೈಡ್' ಬರುತ್ತದೆ.

ಶಿರಸಿ ಲ್ಯಾಬ್:
ಎರಡು ಪೋರ್ಟಿನ ಉಪಾಯ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ. ಫಾರ್ಮನ್ನೂ ತೋರಿಸಬೇಕೆಂದರೆ ಲೈಬ್ರರಿಯ ಹಳೆ ಪುಸ್ತಕದ ಕೋಡು ಓಡುತ್ತಿಲ್ಲ. ಹೆಸರು ತುಂಬಿ ಕಳಿಸಿದರೂ ಖಾಲಿ ಬರುತ್ತದೆ.

ಕೋಡಿಬಾಗ:
ಅದು ಪಿಎಚ್‌ಪಿಯಲ್ಲಿ 'ರಿಜಿಸ್ಟರ್ ಗ್ಲೋಬಲ್ಸ್' ಎಂಬ ಸೆಟ್ಟಿಂಗ್ ಇದ್ದ ಕಾಲದ ಪುಸ್ತಕ. ಆಗ ಫಾರ್ಮಿನ 'ನೇಮ್' ಖಾನೆ ತಾನಾಗೇ 'ಡಾಲರ್ ನೇಮ್' ಆಗುತ್ತಿತ್ತು. ಹೊಸಬರಿಗೆ ಪಿಎಚ್‌ಪಿ ಹಿಡಿಸಿದ್ದೂ ಈ ಸಲೀಸಿನಿಂದಲೇ. ಆದರೆ ವಿಳಾಸದ ಕೊನೆಗೆ 'ಅಡ್ಮಿನ್=1' ಸೇರಿಸಿದವರು ಆ ಹೆಸರಿನ ವೇರಿಯಬಲನ್ನೂ ಒಳಗೆ ತೂರಿಸಬಹುದಿತ್ತು. 2002ರ 4.2 ಆವೃತ್ತಿಯಲ್ಲಿ ಅದನ್ನು ಡೀಫಾಲ್ಟಾಗಿ ಆಫ್ ಮಾಡಿದರು, 2012ರ 5.4 ಆವೃತ್ತಿಯಲ್ಲಿ ಕಿತ್ತೇ ಹಾಕಿದರು. 'ಡಾಲರ್ ಅಂಡರ್‌ಸ್ಕೋರ್ ಪೋಸ್ಟ್' ಒಳಗಿಂದ 'ನೇಮ್' ತೆಗೆದುಕೊಳ್ಳಿ, ಪುಟಕ್ಕೆ ಹಾಕುವಾಗ ಮೇಲೆ ಹೇಳಿದ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಮೂಲಕವೇ ಹಾಯಿಸಿ; ಯಾರಾದರೂ ತುಂಬಿದ ಎಚ್‌ಟಿಎಂಎಲ್ ಟ್ಯಾಗು ಓಡದೆ ಬರೀ ಅಕ್ಷರವಾಗಿ ಕಾಣುವಂತೆ ಅದು ಮಾಡುತ್ತದೆ.